ಹಡಗಲಿಯ ಮಲ್ಲಿಗೆ: ಹೆಸರು, ಮದ್ದು, ರಸಾಯನ

ಹೂವಿನಹಡಗಲಿಗೆ ಆ ಹೆಸರು ಹೇಗೆ ಬಂತೆಂದು ಅಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಸಿಗುತ್ತದೆ. ವಿಜಯನಗರದ ಅರಸರ ಕಾಲದಲ್ಲಿ ವಿರೂಪಾಕ್ಷನ ಪೂಜೆಗೂ ಅರಮನೆಯ ಅಂತಃಪುರಕ್ಕೂ ಹೂವು ಇಲ್ಲಿಂದಲೇ ಹೋಗುತ್ತಿತ್ತು, ತುಂಗಭದ್ರೆಯ ಹರಿವಿನಗುಂಟ ಹಡಗಿನಲ್ಲಿ ಸಾಗುತ್ತಿತ್ತು, ಅದಕ್ಕೇ ಹೂವಿನ ಹಡಗಲಿ. ಕಥೆ ಚೆನ್ನಾಗಿದೆ. ಊರು ನದಿಗೆ ಹತ್ತಿರವಿದೆ, ಹಂಪಿ ಅದೇ ನದಿಯ ಕೆಳಹರಿವಿನಲ್ಲಿದೆ, ಇಂದಿಗೂ ತಾಲೂಕಿನ ಮಲ್ಲಿಗೆಗೆ ಹೆಸರಿದೆ. ಎಲ್ಲ ಕೂಡಿಬರುತ್ತದೆ. ಕೂಡಿಬರದಿರುವುದು ಕಾಲ ಒಂದೇ.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರು ಪೂವಿನ ಪೊಸವಡಂಗಿಲೆ. ಬಿಡಿಸಿ ಓದಿದರೆ ಪೂವಿನ, ಪೊಸ, ಪಡಂಗಿಲೆ. ಹಳಗನ್ನಡದ ಪಕಾರ ಮುಂದೆ ಹಕಾರವಾದ ದಾರಿಯಲ್ಲೇ ಪೂ ಹೂವಾಯಿತು, ಪೊಸ ಹೊಸ ಆಯಿತು, ಪಡಂಗಿಲೆ ಹಡಗಲಿಯಾಯಿತು. ನಡುವಿನ ‘ಪೊಸ’ ಕಾಲಕ್ರಮದಲ್ಲಿ ಬಿದ್ದುಹೋಯಿತು. ಅದು ಅಲ್ಲಿ ಯಾಕಿತ್ತೆಂದು ಊಹಿಸುವುದು ಕಷ್ಟವಲ್ಲ. ಪಕ್ಕದಲ್ಲೇ ಹಿರೇಹಡಗಲಿ ಇದೆ, 1057ರ ಶಾಸನವಿರುವ ಕಲ್ಲೇಶ್ವರ ದೇವಾಲಯದ ಊರು. ಹಿರಿಯದೊಂದು ಇದ್ದಾಗ ಇನ್ನೊಂದು ಹೊಸತಾಗಲೇಬೇಕು, ಆ ಹೊಸತನ್ನು ಗುರುತಿಸಲು ಜನ ಹೂವನ್ನು ಹಿಡಿದುಕೊಂಡರು. ವಿಜಯನಗರ ಹುಟ್ಟಿದ್ದು 1336ರಲ್ಲಿ. ಅಂದರೆ ಹಂಪಿಯಲ್ಲಿ ಹೂ ಕೊಳ್ಳುವ ಅರಸರು ಬರುವುದಕ್ಕೆ ಎರಡು ಶತಮಾನಕ್ಕೂ ಹಿಂದೆಯೇ ಈ ಊರಿನ ಹೆಸರಿನಲ್ಲಿ ಹೂವಿತ್ತು.

ಹಡಗಿನ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು ಅನ್ನಿ. ಹಡಗೂ ಹಳಗನ್ನಡದಲ್ಲಿ ಪಡಗೇ. ಆದರೆ ಹಂಪಿಯನ್ನಂತೂ ಈ ನಿರುಕ್ತಿಯಿಂದ ಕೈಬಿಡಬೇಕು. ಹಂಪಿ ಈ ಊರಿಗೆ ಹೂವಿನ ಹೆಸರು ಕೊಟ್ಟಿತು ಎನ್ನುವುದಕ್ಕಿಂತ, ಹೂವಿಗೆ ಆಗಲೇ ಹೆಸರಾಗಿದ್ದ ಊರಿಗೆ ಹಂಪಿಯಂಥ ಗಿರಾಕಿ ಆಮೇಲೆ ಸಿಕ್ಕಿತು ಎನ್ನುವುದೇ ಸರಿ.

ಇನ್ನೊಂದು ತೊಡಕಿದೆ. ಪೂ ಎಂದರೆ ಯಾವ ಪೂ? ಶಾಸನ ಹೇಳುವುದಿಲ್ಲ. ಆ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗಕ್ಕೆ ಗದ್ದೆ, ಗಾಣ, ಅಂಗಡಿಗಳ ಜೊತೆ ಪೂದೋಂಟವನ್ನೂ ಬಿಡುವುದು ವಾಡಿಕೆ. ಅಲ್ಲಿ ಸಂಪಿಗೆ ಇರಬಹುದು, ಕಣಗಿಲೆ ಇರಬಹುದು, ಸೇವಂತಿಗೆ ಇರಬಹುದು. ಹಂಪಿಯನ್ನು ಕಣ್ಣಾರೆ ಕಂಡವರ ಬರಹಗಳೂ ಇಲ್ಲಿ ನಮಗೆ ಬೇಕಾದ ಮಾತನ್ನು ಆಡುವುದಿಲ್ಲ. 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕ್ ಊರೆಲ್ಲ ಹೂವು ಮಾರುವುದನ್ನು ಕಂಡು ಬೆರಗಾದ, ಈ ಜನಕ್ಕೆ ಅನ್ನದಷ್ಟೇ ಹೂವೂ ಬೇಕು ಎಂಬರ್ಥದ ಮಾತು ಬರೆದ. ಆದರೆ ಅವನು ಹೆಸರಿಸಿದ ಹೂವು ಗುಲಾಬಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಮಹಾನವಮಿಯನ್ನು ವರ್ಣಿಸುತ್ತ, ಬ್ರಾಹ್ಮಣನೊಬ್ಬ ತಂದ ಬುಟ್ಟಿಯಿಂದ ಅರಸ ಮೂರು ಹಿಡಿ ಹೂವು ತೆಗೆದು ಪಟ್ಟದ ಕುದುರೆಗಳ ಮೇಲೆ ಎರಚಿದನೆನ್ನುತ್ತಾನೆ. ಅವೂ ಅವನ ಲೆಕ್ಕದಲ್ಲಿ ಬಿಳಿ ಗುಲಾಬಿಗಳೇ. ಬುಟ್ಟಿಗಟ್ಟಲೆ ಬಿಳಿ, ಪರಿಮಳದ, ಹಿಡಿಯಲ್ಲಿ ಎರಚಲು ಬರುವ ಹೂವು ನಮ್ಮ ಕಡೆ ಯಾವುದೆಂದು ನನಗೆ ಅನುಮಾನವಿಲ್ಲ. ಪರದೇಶಿಗೆ ಗೊತ್ತಿದ್ದ ಪರಿಮಳದ ಹೂವಿನ ಹೆಸರು ಒಂದೇ ಆಗಿದ್ದರೆ ಅವನು ಅದನ್ನೇ ಬಳಸಿಯಾನು. ಆದರೂ ಇದು ನನ್ನ ಊಹೆ. ಪಾಯೆಸ್ ಮಲ್ಲಿಗೆ ಎಂದಿಲ್ಲ.

ಈಗ ಹಡಗಲಿ ಮಲ್ಲಿಗೆ ಎಂದು ಕರೆಯುವ ಗಿಡಕ್ಕೆ ಬರೋಣ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಈ ಮೂರಕ್ಕೂ ಒಟ್ಟಿಗೇ 2007–08ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮೂರೂ ಒಂದೇ ಹೂವಿನ ಮೂರು ಊರುಗಳಲ್ಲ. ಉಡುಪಿಯದು ಗುಂಡುಮಲ್ಲಿಗೆಯ ಜಾತಿಗೆ ಸೇರಿದ್ದು, ಸಸ್ಯಶಾಸ್ತ್ರದಲ್ಲಿ ಜಾಸ್ಮಿನಮ್ ಸಂಬಾಕ್. ಹಡಗಲಿಯದು ಜಾಸ್ಮಿನಮ್ ಆರಿಕ್ಯುಲೇಟಮ್. ಸೂಜಿಮಲ್ಲಿಗೆ, ವಾಸನೆ ಮಲ್ಲಿಗೆ ಎಂದೂ ಹೇಳುತ್ತಾರೆ. 1794ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಮಾರ್ಟಿನ್ ವಾಲ್ ಇದಕ್ಕೆ ಆ ಲ್ಯಾಟಿನ್ ಹೆಸರು ಕೊಟ್ಟ. ಎಲೆಯ ಬುಡದಲ್ಲಿ ಎರಡು ಪುಟ್ಟ ಎಲೆಗಳು ಕಿವಿಗಳಂತೆ ಅಂಟಿಕೊಂಡಿರುತ್ತವೆ, ಅದಕ್ಕೇ ‘ಕಿವಿಯುಳ್ಳದ್ದು’ ಎಂಬರ್ಥದ ಹೆಸರು. ಉಡುಪಿಯ ಮಳೆ ಇದಕ್ಕೆ ಬೇಡ. ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ ತಾನಾಗಿ ಬೆಳೆಯುವ ಪೊದೆ ಇದು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಕೆಂಪು ನೆಲ, ಕಡಿಮೆ ಮಳೆ, ಉರಿಬಿಸಿಲು ಇದರ ಸ್ವಭಾವಕ್ಕೆ ಹೊಂದುವಂಥವೇ. ಹಡಗಲಿಯಲ್ಲಿ ಹೆಚ್ಚಿಗೆ ಇದ್ದದ್ದು ನದಿ, ಬಾವಿ ಮತ್ತು ಕೊಳ್ಳುವವರು.

ಕೊಳ್ಳುವವರು ಯಾರೆಂದು ಸುತ್ತಲಿನ ಜಾತ್ರೆಗಳನ್ನು ನೋಡಿದರೆ ತಿಳಿಯುತ್ತದೆ. ಭರತ ಹುಣ್ಣಿಮೆಯ ಮೈಲಾರ, ಅದರ ಬೆನ್ನಿಗೇ ಬರುವ ಕೊಟ್ಟೂರೇಶ್ವರನ ತೇರು, ತುಂಗಭದ್ರೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ. ಆ ದೇವರ ಹೆಸರಿನಲ್ಲೇ ಮಲ್ಲಿಗೆ ಇದೆ, ಅರ್ಜುನ ಎಂದರೆ ಬಿಳುಪು ಎಂದು ಹಿಡಿದರೆ. ಅಕ್ಕಮಹಾದೇವಿಯ ಅಂಕಿತವನ್ನು ಇಂಗ್ಲಿಷಿಗೆ ತಂದವರು ಹಾಗೆ ಹಿಡಿದೇ ಲೋಕಕ್ಕೆಲ್ಲ ಪ್ರಸಿದ್ಧ ಮಾಡಿದರು. ಶ್ರೀಶೈಲದ ಸ್ಥಳಕಥೆಗಳು ಬೇರೆಯದನ್ನೂ ಹೇಳುತ್ತವೆ. ತಮಾಷೆಯೆಂದರೆ ಈ ಜಾತ್ರೆಗಳೆಲ್ಲ ಬರುವುದು ಚಳಿ ಮುಗಿಯುವ ಹೊತ್ತಿಗೆ, ಗಿಡದಲ್ಲಿ ಹೂವು ಕಡಿಮೆಯಿರುವ ದಿನಗಳಲ್ಲಿ. ದೇವರಿಗೆ ಬೇಕಾದಾಗ ಹೂವಿಲ್ಲ, ಹೂವು ಸುರಿಯುವಾಗ ಕೇಳುವವರಿಲ್ಲ. ಮಲ್ಲಿಗೆಯ ಬೆಲೆ ಒಂದೇ ವರ್ಷದಲ್ಲಿ ಆಕಾಶಕ್ಕೂ ಪಾತಾಳಕ್ಕೂ ಹೋಗಿಬರುವುದಕ್ಕೆ ಇದೂ ಒಂದು ಕಾರಣ.

ಹೂವಿನಷ್ಟೇ ಹಳೆಯದು ಎಲೆಯ ಕಥೆ. ಮುಡಿಯುವವರಿಗೆ ಹೂವು, ವೈದ್ಯರಿಗೆ ಎಲೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ವ್ರಣಚಿಕಿತ್ಸೆಗೆ ಹೇಳಿದ ಒಂದು ತುಪ್ಪವಿದೆ, ಇಂದಿಗೂ ಆಯುರ್ವೇದದ ಅಂಗಡಿಯಲ್ಲಿ ಜಾತ್ಯಾದಿ ಘೃತ, ಜಾತ್ಯಾದಿ ತೈಲ ಎಂದು ಸಿಗುತ್ತದೆ. ಹೆಸರೇ ಹೇಳುವಂತೆ ಅದರ ಮೊದಲ ದ್ರವ್ಯ ಜಾತಿ, ಅಂದರೆ ಜಾಜಿಯ ಎಲೆ. ಸುಮಾರು ಏಳನೆಯ ಶತಮಾನದ ಗ್ರಂಥ. ಹದಿಮೂರು ಶತಮಾನಗಳಿಂದ ಮಾಯದ ಗಾಯಕ್ಕೆ, ಕೀವಿಗೆ ಈ ಕುಲದ ಎಲೆಯನ್ನು ಬಳಸಿದ್ದಾರೆ. ಬಾಯಿಹುಣ್ಣಿಗೆ ಜಾಜಿಯ ಎಲೆ ಅಗಿಯುವುದಂತೂ ಮನೆಮದ್ದಿನ ಮಟ್ಟಕ್ಕೆ ಇಳಿದಿದೆ. ಸೂಜಿಮಲ್ಲಿಗೆಗೆ ಸಂಸ್ಕೃತದಲ್ಲಿ ಯೂಥಿಕಾ ಎಂದು ಹೆಸರು, ಅದರ ಬೇರು ಗಜಕರ್ಣದಂಥ ಚರ್ಮರೋಗಕ್ಕೆ ಮದ್ದು.

ಕನ್ನಡದಲ್ಲಿ ಇದರ ನೆರೆಹೊರೆಯ ಶಾಸ್ತ್ರಗಳು ಬೇಗನೆ ಬಂದವು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಅಷ್ಟಾಗಿ ಗಮನಿಸುವುದಿಲ್ಲ. ಪಂಪ ರನ್ನರನ್ನು ಮುಗಿಸಿ ನೇರ ವಚನಕ್ಕೆ ಹಾರುವ ನಮ್ಮ ಪಠ್ಯಗಳ ನಡುವೆ 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರ ಬೀಳುವುದು ಕಡಿಮೆ. ನೀರು ಹುಡುಕುವುದು, ಗಿಡಗಳ ಆರೈಕೆ, ಅಡುಗೆ, ಸುಗಂಧ, ಮದ್ದು, ಎಲ್ಲವೂ ಒಂದೇ ಪುಸ್ತಕದಲ್ಲಿ, ಅದೂ ಕನ್ನಡ ಪದ್ಯದಲ್ಲಿ. ಹಡಗಲಿ ಪೊಸವಡಂಗಿಲೆಯಾಗಿದ್ದ ಕಾಲಕ್ಕೇ ಸೇರಿದ ಪುಸ್ತಕ ಅದು, ಅದೇ ಚಾಲುಕ್ಯ ರಾಜ್ಯದ್ದು. ಅದೇ ವಂಶದ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆಸಿದಾಗ ಹೂಮಾಲೆಯನ್ನು ಅರಸನ ಭೋಗಗಳಲ್ಲೇ ಒಂದಾಗಿ ಎಣಿಸಿದ. ವಿಜಯನಗರದ ಮೊದಲ ದಿನಗಳಲ್ಲಿ ಮಂಗರಾಜ ಖಗೇಂದ್ರಮಣಿದರ್ಪಣ ಎಂಬ ವಿಷವೈದ್ಯದ ಕಾವ್ಯ ಬರೆದ. ಗಿಡ ಮದ್ದೂ ಹೌದು ವಿಷವೂ ಹೌದು ಎಂದು ತಿಳಿದವರ ಪರಂಪರೆ ಇದು. ಹೂವನ್ನು ಬರೀ ಚೆಲುವೆಂದು ನೋಡಿದ ಕಣ್ಣುಗಳಲ್ಲ.

ಆದರೆ ಜಾತ್ಯಾದಿಯ ದ್ರವ್ಯಗಳ ಪಟ್ಟಿಯನ್ನು ಪೂರ್ತಿ ಓದಿದರೆ ಒಂದು ಪ್ರಶ್ನೆ ಏಳುತ್ತದೆ. ಜಾಜಿಯ ಜೊತೆಗೆ ಬೇವಿದೆ, ಮರದರಿಸಿನ ಮತ್ತು ಅರಿಸಿನ ಇವೆ, ಮಂಜಿಷ್ಠ, ಜೇನುಮೇಣ, ಎಲ್ಲಕ್ಕಿಂತ ಮುಖ್ಯವಾಗಿ ಮೈಲುತುತ್ತ ಇದೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ದ್ರಾಕ್ಷಿಯ ತೋಟದಲ್ಲಿ ಬೂಷ್ಟು ಕೊಲ್ಲಲು ಸಿಂಪಡಿಸುವ ಬೋರ್ಡೋ ದ್ರಾವಣದ ಜೀವಾಳ ಅದೇ. ಮರದರಿಸಿನದಲ್ಲಿರುವ ಬರ್ಬೆರಿನ್ ಬ್ಯಾಕ್ಟೀರಿಯಾಗಳಿಗೆ ಮಾರಕವೆಂದು ಚೆನ್ನಾಗಿ ಗೊತ್ತು. ಹೀಗಿರುವಾಗ ಗಾಯ ಮಾಯಿಸಿದ ಕೀರ್ತಿಯಲ್ಲಿ ಜಾಜಿಯ ಪಾಲೆಷ್ಟು? ಹೆಸರು ಅದರದು, ಕೆಲಸ ಬೇರೆಯವರದು ಆಗಿರಬಾರದೇಕೆ? ಕಚೇರಿಗಳಲ್ಲಿ ನಡೆಯುವಂತೆ!

ಈ ಪ್ರಶ್ನೆಗೆ ಬೇಕಾದದ್ದು ಎಲೆಯೊಂದನ್ನೇ ಬೇರೆಯಾಗಿಟ್ಟು ನೋಡುವ ಕ್ರಮ. 1960ರ ದಶಕದಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು ಸೂಜಿಮಲ್ಲಿಗೆಯ ಎಲೆಯ ರಸವನ್ನೇ ಪ್ರಯೋಗದ ಪ್ರಾಣಿಗಳ ಗಾಯದ ಮೇಲೆ ಪರೀಕ್ಷಿಸಿದರು. ಕ್ಷಾರಸೂತ್ರ ಚಿಕಿತ್ಸೆಯನ್ನು ಮತ್ತೆ ಬಳಕೆಗೆ ತಂದವರೆಂದು ದೇಶಪಾಂಡೆ ಹೆಸರಾದವರು. ಆಮೇಲೆ ಎಲೆಯ ರಾಸಾಯನಿಕ ವಿಶ್ಲೇಷಣೆಯಲ್ಲಿ ಲ್ಯೂಪಿಯಾಲ್ ಎಂಬ ವಸ್ತು ಸಿಕ್ಕಿತು. ಉರಿಯೂತ ತಗ್ಗಿಸುವ ಗುಣಕ್ಕಾಗಿ ಇಂದು ಬಹಳ ಅಧ್ಯಯನಕ್ಕೆ ಒಳಗಾಗಿರುವ ವಸ್ತು. ಇನ್ನೊಂದು ಸುಳಿವು ಗಿಡದ ಕುಲದಲ್ಲೇ ಇದೆ. ಮಲ್ಲಿಗೆ ಆಲಿವ್ ಮರದ ಕುಟುಂಬಕ್ಕೆ ಸೇರಿದ್ದು. ಆಲಿವ್ ಎಲೆಯ ಕಹಿಗೆ ಕಾರಣವಾದ ಓಲ್ಯುರೋಪೀನ್ ಮತ್ತು ಅದರ ಬಳಗದ ಕಹಿಗಳು ಮಲ್ಲಿಗೆಯ ಎಲೆಗಳಲ್ಲೂ ಇವೆ. ಕೀಟವೊಂದು ಎಲೆ ಕಡಿದಾಗ ಈ ಕಹಿಯಿಂದ ಹುಟ್ಟುವ ತುಣುಕುಗಳು ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಬ್ಯಾಕ್ಟೀರಿಯಾದ ಪ್ರೋಟೀನೂ ಪ್ರೋಟೀನೇ.

ಹೂವಿನ ಪರಿಮಳದ ಕಡೆ ಹೋದರೆ ಇತಿಹಾಸ ಇನ್ನೂ ವಿಚಿತ್ರ. 1866ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ನೀಲಿಯ ಬಣ್ಣವನ್ನು ಒಡೆಯುತ್ತ ಹೋಗಿ ಒಂದು ಸರಳ ವಸ್ತುವನ್ನು ತಲುಪಿದ, ನೀಲಿಯ ಹೆಸರಿನಿಂದಲೇ ಅದಕ್ಕೆ ಇಂಡೋಲ್ ಎಂಬ ಹೆಸರು ಬಂತು. ಮೂವತ್ತು ವರ್ಷ ದಾಟಿದ ಮೇಲೆ ಹೆಸ್ಸೆ ಎಂಬ ರಸಾಯನಶಾಸ್ತ್ರಜ್ಞ ಫ್ರಾನ್ಸಿನ ಮಲ್ಲಿಗೆ ಎಣ್ಣೆಯಲ್ಲಿ ಅದೇ ಇಂಡೋಲನ್ನು ಕಂಡ. ಅಷ್ಟೊತ್ತಿಗೆ ಅದು ಇನ್ನೊಂದು ಕಡೆಯೂ ಸಿಕ್ಕಿತ್ತು, ಮನುಷ್ಯನ ಮಲದಲ್ಲಿ. ಮಲ್ಲಿಗೆಯ ಗಾಢ, ರಾತ್ರಿಯ, ಸ್ವಲ್ಪ ತಲೆಸುತ್ತಿಸುವ ವಾಸನೆಯಲ್ಲಿ ಆ ವಸ್ತುವಿನ ಪಾಲಿದೆ. ಹೆಚ್ಚಾದರೆ ದುರ್ವಾಸನೆ, ಹದವಾದರೆ ಪರಿಮಳ. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ಇದನ್ನು ತಾನೇ ತಯಾರಿಸುತ್ತದೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇ. ಕೋಲೈಯನ್ನು ಗುರುತಿಸುವ ಹಳೆಯ ಪರೀಕ್ಷೆಗಳಲ್ಲಿ ಒಂದು ಈ ಇಂಡೋಲ್ ಪರೀಕ್ಷೆಯೇ. ಮುಡಿಯ ಹೂವೂ ಕರುಳಿನ ಜೀವಾಣುವೂ ಒಂದೇ ಅಕ್ಷರ ಬರೆಯುತ್ತವೆ ಎಂದಾಯಿತು.

ಹೆಸ್ಸೆಯೇ 1899ರಲ್ಲಿ ಮಲ್ಲಿಗೆ ಎಣ್ಣೆಯಿಂದ ಜಾಸ್ಮೋನ್ ಎಂಬುದನ್ನು ಬೇರ್ಪಡಿಸಿದ. ಅದರ ರಚನೆಯನ್ನು 1933ರಲ್ಲಿ ಬಿಡಿಸಿದವರಲ್ಲಿ ಲಿಯೋಪೋಲ್ಡ್ ರುಝಿಚ್ಕ ಒಬ್ಬ, ಮುಂದೆ ನೊಬೆಲ್ ಪಡೆದವನು. 1962ರಲ್ಲಿ ದೆಮೋಲ್, ಲೆಡೆರರ್, ಮೆರ್ಸಿಯೆ ಎಂಬ ಮೂವರು ಅದೇ ಎಣ್ಣೆಯಿಂದ ಮೀಥೈಲ್ ಜಾಸ್ಮೋನೇಟ್ ತೆಗೆದರು. ಅಲ್ಲಿಯವರೆಗೆ ಇದೆಲ್ಲ ಅತ್ತರಿನ ವ್ಯಾಪಾರ. ಮಲ್ಲಿಗೆಯ ಮೊಗ್ಗು ಕಿತ್ತ ಮೇಲೂ ಪರಿಮಳ ತಯಾರಿಸುತ್ತಲೇ ಇರುತ್ತದೆ. ಅದಕ್ಕೇ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹೂವನ್ನು ಕೊಬ್ಬಿನ ಮೇಲೆ ಹರಡಿ ವಾಸನೆ ಹೀರಿಸುತ್ತಿದ್ದರು, ನಮ್ಮಲ್ಲಿ ಎಳ್ಳಿನ ನಡುವೆ ಪದರ ಪದರವಾಗಿ ಹಾಸಿ ಆಮೇಲೆ ಎಳ್ಳನ್ನು ಗಾಣಕ್ಕೆ ಹಾಕುತ್ತಿದ್ದರು. ಒಂದು ಟನ್ ಸೂಜಿಮಲ್ಲಿಗೆಯಿಂದ ಸಿಗುವ ಗಟ್ಟಿ ಸುಗಂಧಸಾರ ಸುಮಾರು ಮೂರು ಕಿಲೋ. ಒಂದೊಂದು ಮೊಗ್ಗನ್ನೂ ಬೆಳಗಿನ ಜಾವ ಬಿಡಿಸಿದ ಕೈಗಳ ಲೆಕ್ಕದಲ್ಲಿ ನೋಡಿದರೆ ಆ ಮೂರು ಕಿಲೋ ಬಹಳ ಭಾರ.

ವ್ಯಾಪಾರದ ವಸ್ತು ವಿಜ್ಞಾನದ ವಸ್ತುವಾದದ್ದು 1990ರಲ್ಲಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್ ಟೊಮ್ಯಾಟೊ ಗಿಡಗಳನ್ನು ಮುಚ್ಚಿದ ಪಾತ್ರೆಯೊಳಗೆ ಮೀಥೈಲ್ ಜಾಸ್ಮೋನೇಟಿನ ಆವಿಗೆ ಒಡ್ಡಿದರು. ಯಾವ ಹುಳವೂ ಮುಟ್ಟದಿದ್ದರೂ ಗಿಡಗಳು ಹುಳದ ಜೀರ್ಣಶಕ್ತಿ ಕೆಡಿಸುವ ಪ್ರೋಟೀನುಗಳನ್ನು ತಯಾರಿಸತೊಡಗಿದವು. ಪಾತ್ರೆಯೊಳಗೆ ಆ ಆವಿ ಬಿಡುವ ಇನ್ನೊಂದು ಪೊದೆಯ ಕೊಂಬೆ ಇಟ್ಟರೂ ಸಾಕಾಗಿತ್ತು. ಅಂದರೆ ಮಲ್ಲಿಗೆಯ ಎಣ್ಣೆಯಲ್ಲಿ ಸಿಕ್ಕಿದ್ದು ಬರಿಯ ವಾಸನೆಯಲ್ಲ, ಸಸ್ಯಲೋಕದ ಅಪಾಯದ ಕೂಗು. ಜಾಸ್ಮೋನಿಕ್ ಆಮ್ಲದ ಬಳಗ ಇಂದು ಸಸ್ಯಗಳ ಮುಖ್ಯ ಹಾರ್ಮೋನುಗಳಲ್ಲಿ ಒಂದು. ಕಹಿ, ವಿಷ, ಔಷಧಿ ಎಂದು ನಾವು ಕರೆಯುವ ಎಷ್ಟೋ ವಸ್ತುಗಳ ತಯಾರಿಕೆಗೆ ಅಪ್ಪಣೆ ಕೊಡುವುದು ಅದೇ. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲನ್ನು ಸಸ್ಯಕೋಶಗಳಿಂದ ಹೆಚ್ಚು ಪಡೆಯಲು ಮೀಥೈಲ್ ಜಾಸ್ಮೋನೇಟ್ ಬಳಸುವುದನ್ನು 1990ರ ದಶಕದಲ್ಲೇ ಕಂಡುಕೊಂಡರು.

ಈಗ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯ ಮಾತು. ದೇಶದ ಅನೇಕ ಕಾಲೇಜು ಪ್ರಯೋಗಾಲಯಗಳಲ್ಲಿ ಮಲ್ಲಿಗೆಯ ಎಲೆ, ಹೂಗಳ ಸಾರವನ್ನು ಅಗರ್ ತಟ್ಟೆಯ ಮೇಲೆ ಹಾಕಿ, ಸುತ್ತ ಸ್ಟಫಿಲೊಕಾಕಸ್ ಬೆಳೆಯದ ಬಿಳಿ ಬಳೆಯನ್ನು ಅಳೆದು ವರದಿ ಬರೆದಿದ್ದಾರೆ. ಪರಿಮಳದ ಲಿನಲೂಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತದೆಂಬುದೂ ಪ್ರಯೋಗಾಲಯದ ಮಟ್ಟಿಗೆ ಸತ್ಯ. ಇಂಥ ವರದಿಗಳನ್ನು ಓದುವಾಗ ನಾನು ಮೊದಲು ನೋಡುವುದು ಗಿಡ ಯಾವುದು, ಅದರ ಮಾದರಿ ಯಾವ ಸಸ್ಯಸಂಗ್ರಹದಲ್ಲಿದೆ ಎಂಬುದನ್ನು. ಮಲ್ಲಿಗೆ ಎಂದಷ್ಟೇ ಬರೆದರೆ ಅದು ಹಡಗಲಿಯದೋ ಉಡುಪಿಯದೋ ತಿಳಿಯುವುದು ಹೇಗೆ? ಎರಡನೆಯದು, ಎಷ್ಟು ಪ್ರಮಾಣ. ಮೆಥನಾಲಿನಲ್ಲಿ ನೆನೆಸಿದ ಸಾರ ತಟ್ಟೆಯಲ್ಲಿ ಗೆದ್ದ ಮಾತ್ರಕ್ಕೆ ಮೈಯೊಳಗೆ ಗೆಲ್ಲುವುದಿಲ್ಲ. ಬೆಲ್ಲದ ಗಟ್ಟಿ ಪಾಕವೂ ಸೂಕ್ಷ್ಮಜೀವಿಗಳನ್ನು ಬೆಳೆಯಗೊಡುವುದಿಲ್ಲ. ಎಣ್ಣೆಯಂಥ ಸಾರವಾದರೆ ನೀರಿನ ಅಗರಿನಲ್ಲಿ ಸರಿಯಾಗಿ ಹರಡುವುದೂ ಇಲ್ಲ, ಬಳೆ ಚಿಕ್ಕದಾದರೆ ಅದು ಗಿಡದ ತಪ್ಪೋ ವಿಧಾನದ ತಪ್ಪೋ ಗೊತ್ತಾಗದು. ಗಾಯದ ಮೇಲೆ ಎಲೆ ಕಟ್ಟಿದ ಹಿರಿಯರ ಅನುಭವವನ್ನು ನಾನು ಹಗುರ ಮಾಡುತ್ತಿಲ್ಲ. ತಟ್ಟೆಯ ಬಿಳಿ ಬಳೆಯನ್ನು ತೋರಿಸಿ ರೈತರಿಗೆ ಔಷಧಿ ಕಾರ್ಖಾನೆಯ ಕನಸು ಮಾರುವವರ ಬಗ್ಗೆ ಮಾತ್ರ ನನಗೆ ಅನುಮಾನ.

ಯಾಕೆಂದರೆ ಬ್ಯಾಕ್ಟೀರಿಯಾದ ಜೊತೆ ಈ ಗಿಡದ ನಿಜವಾದ ಜಗಳ ನಡೆಯುತ್ತಿರುವುದು ತಟ್ಟೆಯಲ್ಲಲ್ಲ, ತೋಟದಲ್ಲಿ. ಸೂಜಿಮಲ್ಲಿಗೆಗೆ ಬರುವ ರೋಗವೊಂದರಲ್ಲಿ ಹೂವು ಹೂವಾಗುವುದೇ ಇಲ್ಲ. ಬಿಳಿ ಮೊಗ್ಗು ಬರಬೇಕಾದ ಕಡೆ ಹಸಿರು ಎಲೆಗಳ ಗೊಂಚಲು ಬರುತ್ತದೆ. ಫೈಟೋಪ್ಲಾಸ್ಮಾ ಎಂಬ, ಹೊರಗೋಡೆಯೇ ಇಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾದ ಕೆಲಸ ಅದು. ಇಂಥ ಜೀವಿಯೊಂದು ಇದೆಯೆಂದು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು 1967ರಲ್ಲಿ, ಹಿಪ್ಪುನೇರಳೆಯ ಗಿಡದಲ್ಲಿ. ನಮ್ಮ ಶ್ರೀಗಂಧವನ್ನು ಸಾಯಿಸಿದ ಸ್ಪೈಕ್ ರೋಗಕ್ಕೂ ಇದೇ ಬಳಗ ಕಾರಣ. ರಸ ಹೀರುವ ಕೀಟಗಳು ಇದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತವೆ. 2011ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಕೇಂದ್ರದವರು ಬೇರೊಂದು ಗಿಡದ ಮೇಲೆ ಮಾಡಿದ ಅಧ್ಯಯನದಲ್ಲಿ ಫೈಟೋಪ್ಲಾಸ್ಮಾದ ಒಂದು ಪ್ರೋಟೀನು ಗಿಡದ ಜಾಸ್ಮೋನೇಟ್ ತಯಾರಿಕೆಯನ್ನೇ ತಗ್ಗಿಸುತ್ತದೆಂದು ತೋರಿಸಿದರು. ಕೂಗು ಅಡಗಿದರೆ ಕೀಟಕ್ಕೆ ಅನುಕೂಲ, ಕೀಟ ಹೆಚ್ಚಿದರೆ ರೋಗಕ್ಕೆ ಸವಾರಿ. ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದಕ್ಕೆ ತಿರುಗುಮುರುಗು. ಜಾಸ್ಮೋನೇಟನ್ನು ಹೋಲುವ ನಕಲಿ ವಸ್ತುವನ್ನು ತಾನೇ ತಯಾರಿಸಿ, ಎಲೆಯ ಬಾಗಿಲು ತೆರೆಸಿ ಒಳಗೆ ನುಗ್ಗುತ್ತದೆ. ಒಂದು ಕೂಗನ್ನು ಅಡಗಿಸುತ್ತದೆ, ಇನ್ನೊಂದು ಸುಳ್ಳು ಕೂಗು ಹಾಕುತ್ತದೆ. ಮಲ್ಲಿಗೆಯ ಹೆಸರು ಹೊತ್ತ ವಸ್ತುವಿನ ಸುತ್ತ ನಡೆದಿರುವ ಈ ಮೋಸದಾಟ ಚಾಲುಕ್ಯರಿಗಿಂತ ಎಷ್ಟೋ ಪಟ್ಟು ಹಳೆಯದು.

ತೋಟದವರಿಗೆ ಇದರ ಅರ್ಥ ಸರಳ. ಸೂಜಿಮಲ್ಲಿಗೆಯನ್ನು ಬೀಜದಿಂದ ಬೆಳೆಸುವುದಿಲ್ಲ, ಕಡ್ಡಿಯಿಂದ. ಒಳ್ಳೆಯ ಗಿಡದ ಕಡ್ಡಿ ಒಳ್ಳೆಯ ಗಿಡವಾಗುತ್ತದೆ, ಅದೇ ಗಿಡವಾಗುತ್ತದೆ. ತಾತ ನೆಟ್ಟದ್ದರ ಕಡ್ಡಿಯನ್ನು ಮೊಮ್ಮಗ ನೆಟ್ಟರೆ ಅದು ತಾತನ ಗಿಡವೇ. ಹಡಗಲಿಯ ಹಳೆಯ ತೋಟಗಳ ಗಿಡಗಳು ಹಾಗೆ ಎಷ್ಟು ತಲೆಮಾರು ಹಿಂದಕ್ಕೆ ಹೋಗುತ್ತವೆಂದು ತಿಳಿಯಲು ಶಾಸನ ಸಾಲದು, ಗಿಡದ ಅನುವಂಶಿಕ ಧಾತುವನ್ನೇ ಓದಬೇಕು. ಆದರೆ ಕಡ್ಡಿಯ ಜೊತೆ ರೋಗವೂ ಬರುತ್ತದೆ. ನೋಡಲು ಹಸನಾಗಿರುವ ಕಡ್ಡಿಯ ನಾಳಗಳಲ್ಲಿ ಫೈಟೋಪ್ಲಾಸ್ಮಾ ಕೂತಿದ್ದರೆ ವರ್ಷ ಕಳೆದ ಮೇಲಷ್ಟೇ ಎಲೆಗೊಂಚಲು ಕಾಣಿಸುತ್ತದೆ. ಟೆಟ್ರಾಸೈಕ್ಲಿನ್ ಕೊಟ್ಟರೆ ಕೆಲಕಾಲ ಅಡಗುತ್ತದೆ, ಗುಣವಾಗುವುದಿಲ್ಲ. ತೋಟದಲ್ಲಿ ಅದಕ್ಕಿರುವ ಮದ್ದು ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದು, ರಸ ಹೀರುವ ಕೀಟ ಹಬ್ಬದಂತೆ ನೋಡಿಕೊಳ್ಳುವುದು, ಮತ್ತು ಹೊಸ ಸಾಲಿಗೆ ಕಡ್ಡಿ ಕತ್ತರಿಸುವ ಮುನ್ನ ಆ ತಾಯಿಗಿಡ ಒಂದು ಪೂರ್ತಿ ಸುಗ್ಗಿ ಹೂವನ್ನೇ ಬಿಟ್ಟಿತೇ ಎಂದು ನೋಡುವುದು.